ಅಲಾರಂ ‘ಆಫ್’ ಆದರೆ ಅವನು ಎದ್ದದ್ದು ಹೇಗೆ?

ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ಅಕ್ಕನ ಮಗಳು ಇಂಗ್ಲಿಷ್ ಕಥೆಯೊಂದನ್ನು ಓದುತ್ತಿದ್ದವಳು ತಲೆಯೆತ್ತಿ ಕೇಳಿದಳು: ‘ಮಾಮ, ಐದು ಗಂಟೆಗೆ ಅಲಾರಂ ವೆಂಟ್ ಆಫ್ ಅಂತ ಬರೆದಿದ್ದಾರೆ. ನಿಂತುಹೋಯಿತು ಅಂತ ತಾನೆ? ಮತ್ತೆ ಅವನು ಗಡಬಡಿಸಿ ಎದ್ದದ್ದು ಯಾಕೆ?’ ಅದೇ ಪುಟದ ಕೆಳಗೆ ದೀಪಗಳೂ ‘ವೆಂಟ್ ಆಫ್’ ಎಂದಿತ್ತು. ಅಲ್ಲಿ ಅವಳು ಮಾಡಿಕೊಂಡ ಅರ್ಥವೇ ಸರಿ. ಒಂದೇ ಪದಜೋಡಿ ಒಂದೆಡೆ ಸದ್ದು ಶುರುವಾದದ್ದನ್ನು, ಇನ್ನೊಂದೆಡೆ ಬೆಳಕು ನಿಂತದ್ದನ್ನು ಹೇಳುತ್ತಿತ್ತು. ಬ್ರಿಟನ್ನಿನ ಅಡುಗೆಮನೆಯಲ್ಲಿ ಹಾಲು ‘ವೆಂಟ್ ಆಫ್’ ಎಂದರೆ ಹಾಲು ಕೆಟ್ಟಿತೆಂದು ಅರ್ಥ.

ಇಂಥ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರವೊಂದಿದೆ: ಇಂಗ್ಲಿಷಿಗೆ ತರ್ಕವಿಲ್ಲ, ಕ್ರಿಯಾಪದಕ್ಕೆ ಸಣ್ಣ ಪದ ಸೇರಿ ಆಗುವ ಇಂಥ ಫ್ರೇಸಲ್ ವರ್ಬುಗಳ ಪಟ್ಟಿ ಮಾಡಿಕೊಂಡು ಉರು ಹೊಡೆಯಬೇಕು. ನಾನು ಇದನ್ನು ಖಂಡಿತ ಒಪ್ಪುವುದಿಲ್ಲ. ಪದಕ್ಕೆ ಒಂದೇ ನಿಜವಾದ ಅರ್ಥವಿರುತ್ತದೆ, ಉಳಿದವೆಲ್ಲ ಬಳಕೆಯಲ್ಲಿ ಹುಟ್ಟಿದ ಅಪಭ್ರಂಶಗಳು ಎಂಬ ನಂಬಿಕೆ ಈ ಉತ್ತರದ ಬೆನ್ನಿಗಿದೆ, ಮತ್ತು ಆ ನಂಬಿಕೆಗೆ ಆಧಾರವಿಲ್ಲ.

‘ಆಫ್’ ಪದವನ್ನೇ ನೋಡೋಣ. ಹಳೆಯ ಇಂಗ್ಲಿಷಿನಲ್ಲಿ ಇದೂ, ಇಂದು ಷಷ್ಠಿ ವಿಭಕ್ತಿಯ ಕೆಲಸ ಮಾಡುವ ‘ಆವ್’ ಕೂಡ ಒಂದೇ ಪದವಾಗಿದ್ದವು. ಇದ್ದ ಸ್ಥಳದಿಂದ ಬಿಡಿಸಿಕೊಂಡು ದೂರ ಸರಿಯುವುದು ಅದರ ಮೂಲಭಾವ, ನಮ್ಮ ‘ಇಂದ’ ಪ್ರತ್ಯಯಕ್ಕೆ ಹತ್ತಿರವಾದದ್ದು. ಈಗ ಕೀಲಿ ಕೊಡುವ ಹಳೆಯ ಅಲಾರಂ ಗಡಿಯಾರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಸುತ್ತಿ ಬಿಗಿದ ಸ್ಪ್ರಿಂಗನ್ನು ಒಂದು ಸಣ್ಣ ಕೊಂಡಿ ತಡೆದಿಟ್ಟಿರುತ್ತದೆ. ನಿಗದಿತ ಗಳಿಗೆಗೆ ಕೊಂಡಿ ಜಾರಿ ಸ್ಪ್ರಿಂಗ್ ತನ್ನ ಹಿಡಿತದಿಂದ ಬಿಡಿಸಿಕೊಂಡಾಗ ಗಂಟೆ ಬಡಿಯುತ್ತದೆ. ಹೂಡಿದ ಬಾಣ ಹೆದೆಯಿಂದ ಬಿಡಿಸಿಕೊಳ್ಳುವುದು, ಬಂದೂಕಿನ ಕುದುರೆ ಎಳೆದಾಗ ಗುಂಡು ಹಾರುವುದು, ಇಲಿಬೋನಿನ ಬಾಗಿಲು ಕೊಕ್ಕೆಯಿಂದ ಕಳಚಿ ಬೀಳುವುದು, ಎಲ್ಲವೂ ಇದೇ ಚಿತ್ರ. ದೀಪವಾದರೋ ವಿದ್ಯುತ್ತಿನ ಸಂಪರ್ಕದಿಂದ ಬಿಡಿಸಿಕೊಂಡು ಆರುತ್ತದೆ. ಎರಡರಲ್ಲೂ ನಡೆದದ್ದು ಬಿಡುಗಡೆಯೇ. ಬಿಗಿದಿಟ್ಟ ಶಕ್ತಿ ಬಿಡುಗಡೆಯಾದರೆ ಸದ್ದು, ಶಕ್ತಿಯ ಮೂಲದಿಂದಲೇ ಬಿಡುಗಡೆಯಾದರೆ ಕತ್ತಲು.

‘ಅಪ್’ ಇನ್ನೂ ಸೊಗಸಾದುದು. ‘ಈಟ್’ ಎಂದರೆ ತಿನ್ನು, ‘ಈಟ್ ಅಪ್’ ಎಂದರೆ ಪೂರ್ತಿ ತಿನ್ನು. ಮೇಲಕ್ಕೆ ಎಂಬ ದಿಕ್ಕಿಗೂ ಪೂರ್ತಿ ಎಂಬ ಭಾವಕ್ಕೂ ಏನು ನಂಟು? ನಲ್ಲಿಯ ಕೆಳಗೆ ಕೊಡವಿಟ್ಟು ನೋಡಿ. ನೀರು ತಳದಿಂದ ಮೇಲೇರುತ್ತ ಬಂದು ಕಂಠ ಮುಟ್ಟುತ್ತದೆ, ಅಲ್ಲಿಗೆ ತುಂಬುವ ಕೆಲಸ ಮುಗಿಯುತ್ತದೆ. ಕಣಜಕ್ಕೆ ಸುರಿದ ಭತ್ತಕ್ಕೂ, ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಏರಿಸಿದ ಗೋಡೆಗೂ ಇದೇ ಮಾತು. ಮೇಲಿನ ಅಂಚನ್ನು ಮುಟ್ಟುವುದೆಂದರೆ ಕೊನೆ ಮುಟ್ಟುವುದು ಎಂಬ ನಿತ್ಯದ ಅನುಭವ ಆ ಪುಟ್ಟ ಪದಕ್ಕೆ ಅಂಟಿಕೊಂಡು, ಏರುವ ವಸ್ತುವೇ ಇಲ್ಲದ ಕಡೆಗೂ ಹರಡಿದೆ. ಸೂಸನ್ ಲಿಂಡ್ನರ್ ಎಂಬ ಸಂಶೋಧಕಿ 1981ರಲ್ಲಿ ಸಲ್ಲಿಸಿದ ಪಿಎಚ್‌ಡಿ ಪ್ರಬಂಧವಿಡೀ ‘ಅಪ್’ ಮತ್ತು ‘ಔಟ್’ ಎಂಬ ಎರಡೇ ಪದಗಳ ಇಂಥ ಅರ್ಥಜಾಲವನ್ನು ಬಿಡಿಸುತ್ತದೆ. ಇಂಗ್ಲಿಷಿನಲ್ಲಿ ಮನೆ ಸುಟ್ಟರೆ ‘ಬರ್ನ್ ಡೌನ್’, ಕಾಗದ ಸುಟ್ಟರೆ ‘ಬರ್ನ್ ಅಪ್’. ಮನೆ ಕುಸಿದು ನೆಲ ಸೇರುತ್ತದೆ, ಕಾಗದ ಹೊಗೆಯಾಗಿ ಮೇಲೇರುತ್ತದೆ. ಎರಡೂ ಪೂರ್ತಿ ಸುಟ್ಟವೇ. ನಾವು ‘ತಿಂದುಬಿಟ್ಟ’ ಎನ್ನುವಾಗ ಅವನು ತಟ್ಟೆಯಲ್ಲಿ ಏನನ್ನೂ ಬಿಟ್ಟಿರುವುದಿಲ್ಲ. ಇಂಗ್ಲಿಷಿನಲ್ಲಿ ‘ಅಪ್’ ಮಾಡುವ ಈ ಕೆಲಸವನ್ನು ಕನ್ನಡದಲ್ಲಿ ‘ಬಿಡು’ ಮಾಡುತ್ತದೆ.

ಈ ತೊಡಕು ಹೊಸದಲ್ಲ. 1755ರಲ್ಲಿ ಪ್ರಕಟವಾದ ತಮ್ಮ ನಿಘಂಟಿನ ಮುನ್ನುಡಿಯಲ್ಲಿ ಸ್ಯಾಮ್ಯುಯೆಲ್ ಜಾನ್ಸನ್, ಕ್ರಿಯಾಪದದ ನಂತರ ಸಣ್ಣ ಪದ ಸೇರಿ ಅರ್ಥ ಬದಲಾಗುವ ಈ ಜೋಡಣೆಯೇ ಪರದೇಶಿಯರಿಗೆ ಅತಿ ಹೆಚ್ಚು ಕಷ್ಟ ಕೊಡುತ್ತದೆಂದು ಗುರುತಿಸಿದ್ದರು. ಇದರ ಬೇರು ಇನ್ನೂ ಹಿಂದಕ್ಕಿದೆ. ಒಂಬತ್ತನೆಯ ಶತಮಾನದಿಂದ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ ವೈಕಿಂಗರ ಭಾಷೆಯಿಂದ ‘ಗೆಟ್’, ‘ಟೇಕ್’ ಎಂಬ, ಇಂದು ಮಗುವಿನ ಬಾಯಲ್ಲೂ ಇರುವ ಪದಗಳು ಬಂದವು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ನಾರ್ಮನ್ನರು ಗೆದ್ದ ಮೇಲೆ ಅರಮನೆ ಮತ್ತು ನ್ಯಾಯಾಲಯಗಳಲ್ಲಿ ಫ್ರೆಂಚ್ ಕುಳಿತಿತು. ‘ಸರೆಂಡರ್’ ಆ ದಾರಿಯಲ್ಲಿ ಬಂದ ಪದ; ಅದೇ ಅರ್ಥದ ‘ಗಿವ್ ಅಪ್’ ಆಡುಮಾತಿನದು. ನಮ್ಮ ‘ತ್ಯಜಿಸು’ ಮತ್ತು ‘ಬಿಟ್ಟುಕೊಡು’ಗಳ ನಡುವೆ ಇರುವಂಥದೇ ಅಂತರವನ್ನು ಇಂಗ್ಲಿಷರೂ ಈ ಎರಡರ ನಡುವೆ ಕಾಣುತ್ತಾರೆ.

ಹೆಚ್ಚು ಬಳಕೆಯಲ್ಲಿರುವ ಪದಗಳಿಗೇ ಹೆಚ್ಚು ಅರ್ಥಗಳೇಕೆ? ಹಾರ್ವರ್ಡ್ ವಿಶ್ವವಿದ್ಯಾಲಯದ ಜಾರ್ಜ್ ಕಿಂಗ್ಸ್ಲಿ ಜಿಫ್ 1945ರಲ್ಲಿ ಇದಕ್ಕೊಂದು ಲೆಕ್ಕವನ್ನೇ ಮುಂದಿಟ್ಟರು: ಪದದ ಅರ್ಥಗಳ ಸಂಖ್ಯೆ ಸುಮಾರಾಗಿ ಅದರ ಬಳಕೆಯ ವರ್ಗಮೂಲದಂತೆ ಬೆಳೆಯುತ್ತದೆ. ನೂರು ಪಟ್ಟು ಹೆಚ್ಚು ಬಳಕೆಯಾಗುವ ಪದಕ್ಕೆ ಸರಿಸುಮಾರು ಹತ್ತು ಪಟ್ಟು ಅರ್ಥಗಳು. ಆಕ್ಸ್‌ಫರ್ಡ್ ನಿಘಂಟಿನ 1989ರ ಆವೃತ್ತಿಯಲ್ಲಿ ‘ಸೆಟ್’ ಅತಿ ಉದ್ದದ ನಮೂದಾಗಿತ್ತು. ನಂತರದ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದಿಕ್ಕಿತು: ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳು. ಗಡಿಯಾರ, ಸಿನಿಮಾ, ಆಟೋ ಮೀಟರ್, ಬುದ್ಧಿ ಎಲ್ಲವನ್ನೂ ‘ಓಡಿಸುವ’ ಕನ್ನಡಿಗರಿಗೆ ಇದು ಅಚ್ಚರಿಯಾಗಬೇಕಿಲ್ಲ. ಪ್ರತಿ ಹೊಸ ಭಾವಕ್ಕೂ ಹೊಸ ಪದ ಟಂಕಿಸಿದರೆ ಹೇಳುವವನಿಗೂ ಕೇಳುವವನಿಗೂ ಹೊರೆ. ನಾಲಿಗೆಯ ತುದಿಯಲ್ಲಿರುವ ಸಣ್ಣ ಪದವನ್ನೇ ಹೊಸ ಕೆಲಸಕ್ಕೆ ಹಚ್ಚಿದರೆ ಸಂದರ್ಭವೇ ಉಳಿದುದನ್ನು ತುಂಬಿಕೊಡುತ್ತದೆ.

ಸಂದರ್ಭ ಅದನ್ನು ಎಷ್ಟು ಬೇಗ ತುಂಬುತ್ತದೆ ಎಂಬುದನ್ನು ಡೇವಿಡ್ ಸ್ವಿನ್ನಿ 1979ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತು. ‘ಬಗ್’ ಎಂದರೆ ಕೀಟ. ಕದ್ದಾಲಿಸಲು ಗುಟ್ಟಾಗಿ ಇಡುವ ಯಂತ್ರವೂ ಹೌದು. ಜೇಡ, ಜಿರಳೆಗಳ ಪ್ರಸ್ತಾಪವಿರುವ ವಾಕ್ಯದಲ್ಲಿ ಈ ಪದವನ್ನು ಕೇಳಿಸಿ, ಆ ಕ್ಷಣವೇ ಪರದೆಯ ಮೇಲೆ ಒಂದು ಪದವನ್ನು ಮೂಡಿಸಿ, ಕೇಳುಗರು ಅದನ್ನು ಎಷ್ಟು ಬೇಗ ಗುರುತಿಸುತ್ತಾರೆಂದು ಅಳೆದರು. ಇರುವೆ ಎಂಬ ಪದವನ್ನಷ್ಟೇ ಅಲ್ಲ, ಗೂಢಚಾರ ಎಂಬ ಪದವನ್ನೂ ಅವರು ಸಂಬಂಧವಿಲ್ಲದ ಪದಕ್ಕಿಂತ ಬೇಗ ಗುರುತಿಸಿದರು. ಮೂರು ಅಕ್ಷರಗಳನ್ನು ಉಚ್ಚರಿಸುವಷ್ಟು ಹೊತ್ತು ಕಳೆದ ಮೇಲೆ ಕೇಳಿದರೆ ಇರುವೆಗೆ ಮಾತ್ರ ಆ ಅನುಕೂಲ ಉಳಿದಿತ್ತು. ಅಂದರೆ ಮಿದುಳು ಮೊದಲು ಎರಡೂ ಬಾಗಿಲುಗಳನ್ನು ತೆರೆದು, ಒಂದು ಸೆಕೆಂಡು ತುಂಬುವುದರೊಳಗೆ ಬೇಡದ ಬಾಗಿಲನ್ನು ಮುಚ್ಚುತ್ತದೆ, ಮತ್ತು ನಮಗೆ ಅದರ ಸದ್ದೂ ಕೇಳುವುದಿಲ್ಲ.

ಬಹ್ವರ್ಥದಲ್ಲೂ ಎರಡು ಬಗೆಯಿದೆ. ‘ಅಡಿ’ ಎಂದರೆ ಪಾದ, ಕೆಳಭಾಗ, ಅಳತೆ. ಮೂರೂ ಒಂದೇ ಬಳ್ಳಿಯ ಕಾಯಿಗಳು. ‘ಹತ್ತು’ ಎಂಬ ಸಂಖ್ಯೆಗೂ ಮರ ‘ಹತ್ತು’ವುದಕ್ಕೂ ಅಂಥ ನಂಟು ಕಾಣುವುದಿಲ್ಲ. ಜೆನಿಫರ್ ರಾಡ್ ಮತ್ತು ಸಂಗಡಿಗರು 2002ರಲ್ಲಿ ಇಂಗ್ಲಿಷ್ ಪದಗಳಲ್ಲಿ ಈ ಎರಡು ಬಗೆಗಳನ್ನು ಬೇರ್ಪಡಿಸಿ ಪರೀಕ್ಷಿಸಿದರು. ಸಂಬಂಧವಿಲ್ಲದ ಅರ್ಥಗಳು ಪದವನ್ನು ಗುರುತಿಸುವುದನ್ನು ನಿಧಾನಗೊಳಿಸಿದವು, ಸಂಬಂಧವುಳ್ಳ ಅರ್ಥಗಳು ಚುರುಕುಗೊಳಿಸಿದವು. ಬಳ್ಳಿಯನ್ನು ಕತ್ತರಿಸಿ ಕಾಯಿಗಳನ್ನು ಒಂದೊಂದಾಗಿ ಪಟ್ಟಿಗೆ ಹಾಕುವ ಪಾಠಕ್ರಮದ ಬಗ್ಗೆ ನನಗಿರುವ ಆತಂಕ ಇದೇ: ನೆನಪಿಗೆ ನೆರವಾಗಬಲ್ಲ ನಂಟನ್ನೇ ಅದು ಮಕ್ಕಳಿಂದ ಮರೆಮಾಡುತ್ತದೆ.

ಅಕ್ಕನ ಮಗಳಿಗೆ ‘ಆಫ್’ ಕಥೆ ಹೇಳಿದಾಗ ಅವಳು ನೋಟ್‌ಬುಕ್ಕಿನ ನಡುವೆ ಒಂದು ಚುಕ್ಕೆ ಇಟ್ಟು, ಅದರಿಂದ ಹೊರಗೋಡುವ ಬಾಣಗಳನ್ನು ಬರೆದಳು. ಒಂದೊಂದರ ತುದಿಯಲ್ಲಿ ಅಲಾರಂ, ದೀಪ, ಹಾಲು. ಆಮೇಲೆ ತಾನಾಗಿಯೇ ನೆಲ ಬಿಟ್ಟೇಳುವ ವಿಮಾನವನ್ನೂ ಮೈಯಿಂದ ಕಳಚುವ ಅಂಗಿಯನ್ನೂ ‘ಟೇಕ್ ಆಫ್’ ಎಂದು ಸೇರಿಸಿದಳು. ಜಂಬ ತೋರಿಸುವ ‘ಶೋ ಆಫ್’ ಮಾತ್ರ ಯಾವ ಬಾಣಕ್ಕೂ ಹೊಂದದೆ ಪುಟದ ಮೂಲೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಡನೆ ಕುಳಿತಿದೆ. ಅದಕ್ಕೆ ದಾರಿ ಹುಡುಕುವ ಕೆಲಸವನ್ನು ನಾವಿಬ್ಬರೂ ಮುಂದಿನ ಭಾನುವಾರಕ್ಕೆ ಇಟ್ಟುಕೊಂಡಿದ್ದೇವೆ.