ಸಿಂಗಲ್ಟನ್‌ಗೆ ಒಂದು ಪದ ಸಾಕು, ಯುಟಿಲ್ಸ್‌ಗೆ ಅದೂ ಬೇಡ
ಬೆಳಗಾವಿಯಲ್ಲಿ ಕೆಲಸದ ಸಂದರ್ಶನಕ್ಕೆ ಓದುವ ಇಂಜಿನಿಯರಿಂಗ್ ಹುಡುಗರು ಸಿಂಗಲ್ಟನ್‌ನ, ಅಂದರೆ ಇಡೀ ಪ್ರೋಗ್ರಾಂನಲ್ಲಿ ಒಂದೇ ಪ್ರತಿ ಇರುವ ಕ್ಲಾಸಿನ, ಜಾವಾ ಕೋಡನ್ನು ಬಾಯಿಪಾಠ ಮಾಡುತ್ತಾರೆ. ಆಮೇಲೆ ಜಾವಾದ ನೆಂಟ ಭಾಷೆ ಕೋಟ್ಲಿನ್‌ನಲ್ಲೂ ಅದನ್ನೇ ಇಳಿಸುತ್ತಾರೆ. ಅಷ್ಟೆಲ್ಲ ಬೇಕಾಗಿಲ್ಲ. ಕೋಟ್ಲಿನ್‌ನಲ್ಲಿ 'ಆಬ್ಜೆಕ್ಟ್' ಅಂತ ಬರೆದು ಹೆಸರು ಕೊಟ್ಟರೆ ಮುಗಿಯಿತು.

ಆ ಉದ್ದದ ಕೋಡ್ ಹುಟ್ಟಿದ್ದಕ್ಕೆ ಕಾರಣ ಇತ್ತು. ಎರಡು ಥ್ರೆಡ್‌ಗಳು, ಅಂದರೆ ಪ್ರೋಗ್ರಾಂನಲ್ಲಿ ಜೊತೆಜೊತೆಗೆ ಓಡುವ ಎರಡು ಕೆಲಸಗಳು, ಒಟ್ಟಿಗೇ ಬಂದು 'ಪ್ರತಿ ಇನ್ನೂ ಇಲ್ಲ' ಅಂದುಕೊಂಡರೆ ಎರಡು ಪ್ರತಿ ಹುಟ್ಟುತ್ತವೆ. ಒಂದು ಸಲಕ್ಕೆ ಒಂದೇ ಥ್ರೆಡ್ ಒಳಬರಲಿ ಅಂತ ಪ್ರತಿ ಸಲ ಲಾಕ್ ಹಾಕಿದರೆ ನಿಧಾನ. ಅದಕ್ಕೇ ಒಮ್ಮೆ ನೋಡಿ, ಲಾಕ್ ಹಾಕಿ, ಮತ್ತೆ ನೋಡುವ ಉಪಾಯ ಬಂತು. ಹಳೆಯ ಜಾವಾದಲ್ಲಿ ಅದೂ ಕೈಕೊಡುತ್ತಿತ್ತು. ಅರ್ಧ ತುಂಬಿದ ಆಬ್ಜೆಕ್ಟ್ ಇನ್ನೊಂದು ಥ್ರೆಡ್‌ಗೆ ಕಾಣಿಸಬಹುದಿತ್ತು. 2004ರಲ್ಲಿ ಜಾವಾ 5 ಮೆಮೊರಿಯ ನಿಯಮಗಳನ್ನು ಬಿಗಿ ಮಾಡಿತು. ಪ್ರತಿಯನ್ನು ಹಿಡಿದಿಡುವ ಫೀಲ್ಡ್‌ಗೆ 'ವೊಲಟೈಲ್' ಎಂಬ ಪದ ಸೇರಿಸಿದರೆ ಉಪಾಯ ಸರಿಯಾಯಿತು. ಮರೆತರೆ ಇವತ್ತಿಗೂ ಅದೇ ಅಪಾಯ.

ಕೋಟ್ಲಿನ್ ಈ ಹೊರೆಯನ್ನು ಜೆವಿಎಂಗೆ, ಅಂದರೆ ಜಾವಾ, ಕೋಟ್ಲಿನ್ ಕೋಡ್ ಓಡಿಸುವ ತಂತ್ರಾಂಶಕ್ಕೆ, ಬಿಡುತ್ತದೆ. ಕಂಪೈಲ್ ಆದಾಗ ಆಬ್ಜೆಕ್ಟ್ ಒಂದು ಕ್ಲಾಸ್ ಆಗುತ್ತದೆ. ಅದರೊಳಗೆ 'ಇನ್‌ಸ್ಟನ್ಸ್' ಎಂಬ, ಆ ಒಂದೇ ಪ್ರತಿಯನ್ನು ಹಿಡಿದಿಡುವ ಸ್ಟ್ಯಾಟಿಕ್ ಫೀಲ್ಡ್ ಇರುತ್ತದೆ. ಕ್ಲಾಸ್ ಮೊದಲ ಸಲ ಬಳಕೆಗೆ ಬಂದಾಗ ಜೆವಿಎಂ ಅದನ್ನು ಒಂದೇ ಬಾರಿ ಸಜ್ಜು ಮಾಡುತ್ತದೆ. ಶಹಾಪುರದ ಹಿಟ್ಟಿನ ಗಿರಣಿಯನ್ನೇ ನೋಡಿ. ಬೆಳಿಗ್ಗೆ ಜೋಳ ಹೊತ್ತು ಮೊದಲ ಗಿರಾಕಿ ಬರುವವರೆಗೆ ಮೋಟರ್ ಸುಮ್ನೆ ಇರುತ್ತದೆ. ಇಬ್ಬರು ಒಟ್ಟಿಗೆ ಬಂದರೂ ಅದನ್ನು ಚಾಲೂ ಮಾಡುವುದು ಒಮ್ಮೆಯೇ, ಇನ್ನೊಬ್ಬರು ಕಾಯಬೇಕು. ಆಮೇಲೆ ಬಂದವರಿಗೆ ಆ ಕಾಯುವಿಕೆ ಇಲ್ಲ. ಎಷ್ಟು ಚೆಂದದ ಏರ್ಪಾಡು ಅಲ್ವಾ?

ಇಷ್ಟು ಸುಲಭ ಅಂತ ಕಂಡಕಂಡ ಫಂಕ್ಷನ್‌ಗಳನ್ನೆಲ್ಲ 'ಯುಟಿಲ್ಸ್' ಎಂಬ ಒಂದು ಆಬ್ಜೆಕ್ಟ್‌ಗೆ ತುಂಬುವುದು ನನಗೆ ಸಹಿಸದ ಚಾಳಿ. ಜಾವಾದಲ್ಲಿ ಬಹುಕಾಲ ಬೇರೆ ದಾರಿ ಇರಲಿಲ್ಲ. ಫಂಕ್ಷನ್ ಕ್ಲಾಸಿನೊಳಗೇ ಇರಬೇಕಿತ್ತು. ಅದಕ್ಕೇ ಜಾವಾದ 'ಮ್ಯಾಥ್' ಕ್ಲಾಸಿಗೆ ಪ್ರೈವೇಟ್ ಕನ್‌ಸ್ಟ್ರಕ್ಟರ್ ಇದೆ, ಯಾರೂ ಅದರ ಪ್ರತಿ ಮಾಡದಿರಲಿ ಅಂತ. ಕೋಟ್ಲಿನ್‌ನಲ್ಲಿ ಫಂಕ್ಷನ್ ನೇರವಾಗಿ ಫೈಲಿನಲ್ಲಿ ನಿಲ್ಲುತ್ತದೆ. ದಿನಾಂಕದ ಫಂಕ್ಷನ್‌ಗಳು ಒಂದು ಫೈಲಿನಲ್ಲಿ, ಹಣದ ಲೆಕ್ಕದವು ಇನ್ನೊಂದರಲ್ಲಿ ಇರಲಿ. ಒಳಗಿನ ಸಹಾಯಕ ಫಂಕ್ಷನ್‌ಗೆ 'ಪ್ರೈವೇಟ್' ಹಾಕಿದರೆ ಅದು ಆ ಫೈಲು ದಾಟುವುದಿಲ್ಲ. ಒಂದು ಕ್ಲಾಸಿಗೇ ಅಂಟಿದ ಸ್ಥಿರಾಂಕಗಳಿಗೆ ಆ ಕ್ಲಾಸಿನೊಳಗೇ ಬರೆಯುವ ಕಂಪ್ಯಾನಿಯನ್ ಆಬ್ಜೆಕ್ಟ್ ಇದೆ.

ಆಬ್ಜೆಕ್ಟ್ ಬೇಕಾಗುವುದು ಪ್ರೋಗ್ರಾಂಗೆಲ್ಲ ಒಂದೇ ಇರಬೇಕಾದದ್ದಕ್ಕೆ. ಅಲ್ಲೂ ಬದಲಾಗುವ ಮಾಹಿತಿ ಇಟ್ಟರೆ ಒಂದು ಟೆಸ್ಟ್ ಬಿಟ್ಟುಹೋದ ಬೆಲೆ ಮುಂದಿನ ಟೆಸ್ಟನ್ನು ಕೆಡಿಸುತ್ತದೆ. ಒಳಗಿನ ಫೀಲ್ಡ್‌ಗಳಿಗೆ ಥ್ರೆಡ್ ರಕ್ಷಣೆಯೂ ತಾನಾಗಿ ಬರುವುದಿಲ್ಲ. ಜೆವಿಎಂ ಕಾಯುವುದು ಹುಟ್ಟುವ ಕ್ಷಣವನ್ನು ಮಾತ್ರ. ಆಂಡ್ರಾಯ್ಡ್‌ನಲ್ಲಂತೂ ಅದರೊಳಗೆ ಆಕ್ಟಿವಿಟಿಯನ್ನು, ಅಂದರೆ ಆ್ಯಪ್‌ನ ಒಂದು ಪರದೆಯನ್ನು ನಡೆಸುವ ಆಬ್ಜೆಕ್ಟನ್ನು, ಹಿಡಿದಿಟ್ಟರೆ, ಬಳಕೆದಾರ ಆ ಪರದೆ ಬಿಟ್ಟುಹೋದ ಮೇಲೂ ಅದರ ಮೆಮೊರಿ ಖಾಲಿಯಾಗುವುದಿಲ್ಲ.