ನೀರುಗಂಟಿಗೆ ಗದ್ದೆ ಇರಲಿಲ್ಲ

ಕೋಲಾರದ ಕಡೆಯ ನಮ್ಮ ಊರಿನಲ್ಲಿ ಕೆರೆಯ ತೂಬು ಎತ್ತುತ್ತಿದ್ದವನು ನೀರುಗಂಟಿ. ಅಚ್ಚುಕಟ್ಟಿನಲ್ಲಿ ಅವನದು ಎಂಬ ಒಂದು ಗುಂಟೆ ಗದ್ದೆಯೂ ಇರಲಿಲ್ಲ. ಸುಗ್ಗಿಯಲ್ಲಿ ರೈತರೆಲ್ಲ ಕಣದಲ್ಲೇ ಅವನ ಪಾಲಿನ ಧಾನ್ಯ ಅಳೆದು ಕೊಡುತ್ತಿದ್ದರು. ಗದ್ದೆ ಇಲ್ಲದ್ದರಿಂದ ಅವನು ಯಾರ ಕಡೆಯವನೂ ಅಲ್ಲ, ಅದಕ್ಕೇ ಅವನ ಮಾತು ನಡೆಯುತ್ತಿತ್ತು ಎಂದು ಅಜ್ಜ ಹೇಳುತ್ತಿದ್ದರು. ಅವನಿಗೆ ಗದ್ದೆ ಇಲ್ಲದಂತೆ ಮಾಡಿದ್ದು ಜಾತಿ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಅದು ಬೇರೆ ಕಥೆ.

ದಕ್ಷಿಣ ಸುಡಾನಿನಲ್ಲಿ ನೀರು ಪೂರೈಕೆಯ ಎಂಜಿನಿಯರಾಗಿ ದುಡಿಯುವಾಗ ಈ ನೀರುಗಂಟಿ ಪದೇ ಪದೇ ನೆನಪಾಗುತ್ತಿದ್ದ. ಆ ದೇಶ ಹುಟ್ಟಿದ್ದು 2011ರ ಜುಲೈ 9ರಂದು. ಜೊತೆಗೇ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯೂ ಬಂತು; ಅದರಲ್ಲಿ ಭಾರತದ ಯೋಧರೂ ಇದ್ದರು. ಇಂಥ ದೇಶಗಳಲ್ಲಿ ಶಾಂತಿಪಾಲನೆ, ಅಭಿವೃದ್ಧಿ, ಸಂಕಷ್ಟದಲ್ಲಿರುವವರಿಗೆ ಪರಿಹಾರ ಮೂರನ್ನೂ ಹೊಂದಿಸಲು ವಿಶ್ವಸಂಸ್ಥೆ ಒಬ್ಬರೇ ಅಧಿಕಾರಿಗೆ ಮೂರು ಹುದ್ದೆ ಕೊಡುತ್ತದೆ. ಅವರು ಶಾಂತಿಪಾಲನಾ ಕಾರ್ಯಾಚರಣೆಯ ಉಪ ಮುಖ್ಯಸ್ಥರೂ ಹೌದು, ಅಭಿವೃದ್ಧಿಯ ಸಂಯೋಜಕರೂ ಹೌದು, ಪರಿಹಾರದ ಸಂಯೋಜಕರೂ ಹೌದು. ಕಡತದಲ್ಲಿ ಓದಲು ಚೆಂದ.

ಸರ್ಕಾರಕ್ಕೆ ಹೆಗಲು ಕೊಟ್ಟು ದೇಶ ಕಟ್ಟಬೇಕು ಎಂಬುದು ಪಡೆಗಿದ್ದ ಮೊದಲ ಆದೇಶ. 2013ರ ಡಿಸೆಂಬರಿನಲ್ಲಿ ರಾಜಧಾನಿ ಜೂಬಾದಲ್ಲಿ ಕಾದಾಟ ಶುರುವಾಯಿತು, ಆ ಸರ್ಕಾರವೇ ಅಂತರ್ಯುದ್ಧದ ಒಂದು ಪಕ್ಷವಾಯಿತು. ಸಾವಿರಾರು ಜನ ಜೀವ ಉಳಿಸಿಕೊಳ್ಳಲು ವಿಶ್ವಸಂಸ್ಥೆಯ ನೆಲೆಗಳಿಗೆ ನುಗ್ಗಿದರು. 2014ರ ಮೇ ತಿಂಗಳಲ್ಲಿ ಭದ್ರತಾ ಮಂಡಳಿ ಆದೇಶ ಬದಲಿಸಿ ನಾಗರಿಕರ ರಕ್ಷಣೆಯನ್ನು ಮುಂದಿಟ್ಟಿತು. ಆದರೆ ಪಡೆ ಸರ್ಕಾರದ ಕಡೆಯದು ಎಂದು ಜನರ ಮನಸ್ಸಿನಲ್ಲಿ ಕೂತ ಗುರುತು ಹಾಗೆ ಬದಲಾಗುವುದಿಲ್ಲ.

ಆ ನೆಲೆಗಳ ಬೇಲಿಯ ಒಳಗಿನ ಲೆಕ್ಕವೇ ಬೇರೆ. ಬೆಂಟಿಯು ಪಟ್ಟಣದ ನೆಲೆ 2014ರ ಮಳೆಗೆ ಮೊಣಕಾಲುದ್ದ ನೀರಿನಲ್ಲಿ ನಿಂತಿತ್ತು. ತಲೆಗೆ ದಿನಕ್ಕೆ 15 ಲೀಟರ್ ನೀರು, 250 ಮಂದಿಗೊಂದು ನಲ್ಲಿ ಎಂಬ ಪರಿಹಾರ ಕೆಲಸದ ಕನಿಷ್ಠ ಅಳತೆ ಮುಟ್ಟಬೇಕಾದರೂ ಮೊದಲು ಜನ ಬದುಕಿರಬೇಕು, ನೆಲ ಒಣಗಿರಬೇಕು. ಕಾವಲೂ ವಿಶ್ವಸಂಸ್ಥೆಯ ಸೈನ್ಯದ್ದು, ಕಾಲುವೆ ತೋಡುವ ದೊಡ್ಡ ಯಂತ್ರಗಳೂ ಸೈನ್ಯದ್ದು. ಅಲ್ಲಿ ಸೈನ್ಯದ ಜೊತೆ ಕೈ ಜೋಡಿಸುವುದಿಲ್ಲ ಎನ್ನುವುದು ಬರೀ ಮಡಿವಂತಿಕೆ.

ಬೇಲಿಯ ಹೊರಗೆ ಒಂದು ಹಳ್ಳಿಗೆ ಬೋರ್‌ವೆಲ್ ಜಾಗ ನೋಡಲು ವಿಶ್ವಸಂಸ್ಥೆಯ ಸೈನಿಕರ ಬೆಂಗಾವಲಿನಲ್ಲಿ ಹೋಗಿದ್ದೆವು. ಬೋರ್‌ವೆಲ್ ಎಂದರೆ ನಮ್ಮ ಜಿಲ್ಲೆಯವರು ಊಟ ಬಿಟ್ಟು ಬಂದು ನೋಡುತ್ತಾರೆ. ಅಲ್ಲಿ ಒಬ್ಬರೂ ಹತ್ತಿರ ಬರಲಿಲ್ಲ. ಕೊನೆಗೆ ಒಬ್ಬ ಅಜ್ಜಿ ದುಭಾಷಿಯ ಮೂಲಕ ಕೇಳಿದರು: 'ನೀವು ಸಂಜೆ ಹೋಗುತ್ತೀರಿ. ರಾತ್ರಿ ಬಂದೂಕಿನವರು ಬಂದು, ಇವರನ್ನು ಕರೆದವರು ಯಾರು ಎಂದರೆ ನಾನು ಏನು ಹೇಳಲಿ?' ನನ್ನ ಬಳಿ ಉತ್ತರವಿರಲಿಲ್ಲ. ಸಶಸ್ತ್ರ ಬೆಂಗಾವಲು ಕೊನೆಯ ಉಪಾಯ ಎಂಬ ನಿಯಮ ಪರಿಹಾರದ ಕೆಲಸದಲ್ಲಿ ಮೊದಲಿನಿಂದ ಇದೆ. ನಾನು ಅದನ್ನು ತರಬೇತಿಯಲ್ಲಿ ಓದಿ ಮರೆತಿದ್ದೆ.

ಮುಂದಿನ ಸಲ ಸೈನ್ಯಕ್ಕೆ ರಸ್ತೆಯನ್ನಷ್ಟೇ ಕಾಯಲು ಕೇಳಿಕೊಂಡೆವು. ಅವರು ಬೆಳಗ್ಗೆ ಗಸ್ತು ಮುಗಿಸಿ ಹಿಂದಿರುಗಿದ ಮೇಲೆ ನಮ್ಮ ಗಾಡಿ ಹೊರಟಿತು. ಯಾವ ಬಣದವರು ಬಂದರೂ ನೀರು ಕೊಡುವುದಾಗಿ ಊರಿನವರೇ ಎರಡೂ ಕಡೆಗೆ ಮೊದಲೇ ಹೇಳಿ ಕಳಿಸಿದ್ದರು. ಜಾಗ ತೋರಿಸಿದವರು ಅದೇ ಅಜ್ಜಿ.