ಮೇಣದ ಪತಂಗ: ದೊಡ್ಡದೋ, ಸಣ್ಣದೋ?

ಜೇನುಪೆಟ್ಟಿಗೆಯ ಎರಿ ಹಾಳುಮಾಡುವ ಪತಂಗಗಳಲ್ಲಿ ಮುಖ್ಯವಾದವು ಎರಡು: ದೊಡ್ಡ ಮೇಣದ ಪತಂಗ (ಗ್ಯಾಲೇರಿಯಾ ಮೆಲ್ಲೊನೆಲ್ಲಾ) ಮತ್ತು ಸಣ್ಣದು (ಅಕ್ರೋಯಿಯಾ ಗ್ರಿಸೆಲ್ಲಾ). ಹೆಸರು ಕೇಳಿದ ಕೂಡಲೇ ಕೈ ಸ್ಕೇಲಿಗೆ ಹೋಗುತ್ತದೆ. ಎಡವುವುದೇ ಅಲ್ಲಿ. ದೊಡ್ಡದರ ಮೈಯುದ್ದ ಸುಮಾರು 15 ಮಿ.ಮೀ., ಸಣ್ಣದರದ್ದು 10ರ ಆಸುಪಾಸು ಅನ್ನುವುದು ಹೊಟ್ಟೆತುಂಬ ತಿಂದು ಬೆಳೆದವುಗಳ ಲೆಕ್ಕ. ಪತಂಗವಾಗುವ ಮುಂಚಿನ ಹುಳುವಿಗೆ ಪುಷ್ಟಿ ಸಿಗುವುದು ಬರೀ ಮೇಣದಿಂದಲ್ಲ. ಹಳೆಯ ಕಪ್ಪು ಎರಿಯಲ್ಲಿ ಉಳಿದ ಪರಾಗ, ಜೇನುಮರಿಗಳು ಬಿಟ್ಟ ಪೊರೆ ಬೇಕು. ಅವಿಲ್ಲದ ಹೊಸ ಬಿಳಿ ಎರಿಯಲ್ಲಿ ಬೆಳೆದರೆ ದೊಡ್ಡ ಜಾತಿಯೂ ಕುಳ್ಳಾಗಿಯೇ ಹೊರಬರುತ್ತದೆ.

ಹಾಗಾಗಿ ಮೊದಲು ತಲೆ ನೋಡಿ. ತಲೆ ಹಳದಿ, ರೆಕ್ಕೆ ಬೆಳ್ಳಿಬೂದು ಇದ್ದರೆ ಸಣ್ಣದು. ತಲೆಯೂ ರೆಕ್ಕೆಯೂ ಬೂದುಗಂದು ಇದ್ದರೆ ದೊಡ್ಡದು. ಆ ಹಳದಿ ಇರುವುದು ಪುಡಿಯಂಥ ಹುರುಪೆಗಳಲ್ಲಿ. ಬೆರಳಲ್ಲಿ ಹಿಡಿದರೆ ಉದುರಿಹೋಗುತ್ತದೆ. ಡಬ್ಬಿ ಕವುಚಿ ಹಿಡಿದು, ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ಆಮೇಲೆ 10 ಪಟ್ಟು ಹಿಗ್ಗಿಸುವ ಮಸೂರದಡಿ ನೋಡಿ.

ಇನ್ನೊಂದು ಗೊಂದಲ ಮೂತಿಯದ್ದು. ದೊಡ್ಡ ಜಾತಿಯ ಹೆಣ್ಣಿಗೆ ಮುಂದಕ್ಕೆ ಚಾಚಿದ ಕೊಕ್ಕಿನಂಥ ಮೂತಿ. ಗಂಡಿನ ಮುಖ ಮೊಂಡು, ಮುಂರೆಕ್ಕೆಯ ಹೊರ ಅಂಚು ಒಳಕ್ಕೆ ಬಾಗಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೇರೆ ಬೇರೆ ಜಾತಿಯೆಂದೇ ಅನಿಸೀತು. ಕೊಕ್ಕು ಕಾಣಲಿಲ್ಲವೆಂದು ‘ಸಣ್ಣದು’ ಎಂದು ಬರೆಯಬೇಡಿ.

ಹುಳುವಿನ ಹಂತದಲ್ಲಿ ಉದ್ದ ಇನ್ನೂ ನಿರರ್ಥಕ: 28 ಮಿ.ಮೀ. ಮುಟ್ಟುವ ದೊಡ್ಡದರ ಹುಳುವೂ ಒಮ್ಮೆ 15 ಇದ್ದದ್ದೇ. ಮೈಪಕ್ಕದ ಉಸಿರುರಂಧ್ರದ ಸುತ್ತಲಿನ ಬಳೆಯನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕಿ. ಬಳೆ ಹಳದಿಯಾಗಿ ಸುತ್ತಲೂ ಒಂದೇ ದಪ್ಪವಿದ್ದರೆ ದೊಡ್ಡದು. ಕಪ್ಪಾಗಿ ಹಿಂಬದಿಯಲ್ಲಿ ಹೆಚ್ಚು ದಪ್ಪವಿದ್ದರೆ ಸಣ್ಣದು. ಹಿಂದುಮುಂದು ತಪ್ಪದಿರಲು ತಲೆ ಎಡಕ್ಕೆ ಬರುವಂತೆ ಮಲಗಿಸಿಕೊಳ್ಳಿ. ಆಗ ಹಿಂಬದಿ ಯಾವತ್ತೂ ಬಲಕ್ಕೇ.

ಎದೆಯ 3 ಜೊತೆ ಕಾಲು ಬಿಟ್ಟರೆ ಹೊಟ್ಟೆಯಡಿ ಮೆತ್ತನೆಯ ಕಾಲುಗಳೇ ಇಲ್ಲ, ಬೆನ್ನ ಮೇಲೆ ಮುಳ್ಳುಸಾಲು ಇದೆ ಅಂದರೆ ಅದು ಪತಂಗದ್ದೇ ಅಲ್ಲ, ಜೇನುಗೂಡಿನ ಸಣ್ಣ ಜೀರುಂಡೆಯ ಮರಿ. ಅದು ಎರಿಯಲ್ಲಿ ನೂಲನ್ನೂ ನೇಯುವುದಿಲ್ಲ. ಚೌಕಟ್ಟಿನ ಮರದಲ್ಲಿ ದೋಣಿಯಾಕಾರದ ಗುಳಿ ಕೊರೆದು ನೂಲಿನ ಗೂಡು ಕಟ್ಟಿದ್ದರೆ ಅನುಮಾನ ದೊಡ್ಡ ಪತಂಗದ ಮೇಲೆ. ಒಂದೇ ಪೆಟ್ಟಿಗೆಯಲ್ಲಿ ಎರಡೂ ಜಾತಿಯ ಪತಂಗ ಇರಬಹುದು. ಒಂದೇ ಹುಳು ನೋಡಿ ನಿಲ್ಲಿಸದೆ ಬೇರೆ ಬೇರೆ ಎರಿಗಳಿಂದ ನಾಲ್ಕೈದನ್ನು ತೆಗೆದು ನೋಡಿ.